ಲೆಕ್ಕಕ್ಕೆ ಬಾರದ ನಮ್ಮ ಬಂಡೆ

ಅಕ್ಕನ ಮಗಳು ಉರ್ಸಿನಾಗೆ,

ಇಡೀ ಜ್ಯೂರಿಕ್ ನಗರ ಬೀದಿಗಿಳಿದು ನಿನ್ನ ಮಾವನನ್ನು ಬರಮಾಡಿಕೊಂಡಿತು. ಆದರೆ ಇಲ್ಲಿ ನ್ಯಾಯವೆಂಬುದಿಲ್ಲ. ನೂರ ಅರವತ್ತು ಜನರ ನಮ್ಮ ಊರು ಜ್ಯೂರಿಕ್‌ಗಿಂತ ವಿಶಾಲವೆಂದು ಹೋಟೆಲಿನವನೊಡನೆ ನಾನು ಪಂದ್ಯ ಕಟ್ಟಿದೆ. ಭೂಪಟದ ಪುಸ್ತಕವೂ ಹಾಗೆಯೇ ಹೇಳಿತು. ಹೋಟೆಲಿನವನು ಒಪ್ಪಲಿಲ್ಲ.

"ಅದ್ರಲ್ಲಿ ಅರ್ಧ ಬರೀ ಬಂಡೆ. ಉಪಯೋಗಕ್ಕೆ ಬಾರದ ನೆಲ ಅಂತ ಬರ್ದಿದೆ. ಅದನ್ನ ಕಳೀರಿ ಯಜಮಾನ್ರೆ."

"ಆ ಬಂಡೆ ಮೇಲೆ ಮೇಯೋ ಆಡಿನ ಚೀಸನ್ನೇ ಕಣಯ್ಯ ನೀನು ಮಾರ್ತಿರೋದು," ಎಂದೆ.

ಕಳೆಯಬೇಕೋ ಬೇಡವೋ ಎಂದು ಅಲ್ಲಿದ್ದವರಿಂದ ಕೈ ಎತ್ತಿಸಿದ. ನಮ್ಮ ಊರಿನ ಸಭೆಯಲ್ಲೂ ಅದೇ ಪದ್ಧತಿಯಾದ್ದರಿಂದ ಬೇಡವೆನ್ನಲಾಗಲಿಲ್ಲ. ನನ್ನ ಪರ ಎದ್ದದ್ದು ನನ್ನ ಕೈಯೊಂದೇ. ಬಂಡೆ ಕಳೆದರು, ನಾನು ಸೋತೆ. ಇದೂ ಒಂದು ತೀರ್ಪೇ?

ಮಂಡಿನೋವು ಕಡಿಮೆಯಾಗಿದೆ. ರೈಲಿಗೆ ಹೊತ್ತಾಯಿತು.

ಪ್ಲಾಸಿ ಮಾವ

ಅತ್ತೆ ಕೇಳಿದರೆ ಐದು ಫ್ರಾಂಕ್ ಎನ್ನು. ಹೋದದ್ದು ಎಂಬತ್ತು.