ಓಹಾಕಾದಲ್ಲಿ ಅಮ್ಮನಿಗೆ ಮೂರು ದಿನ

ಓಹಾಕಾ,
ಫೆಬ್ರವರಿ 11, ಮಂಗಳವಾರ

ಪ್ರೀತಿಯ ಅಮ್ಮಾ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವಾದರೆ ಒಲೆಗೆ ಹಾಕುವ ಮೊದಲು ಕುತೂಹಲಕ್ಕಾದರೂ ಓದುತ್ತೀಯೆಂದು ನಂಬಿ ಓದಿಲಿಯಾ ಚಿಕ್ಕಮ್ಮನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಚಿಕ್ಕಮ್ಮನನ್ನು ಬೈಯಬೇಡ, ಅವಳು ಬೇಡವೆಂದರೂ ಚೀಲಕ್ಕೆ ತುರುಕಿದವಳು ನಾನು.

ಮುಂದಿನ ವಾರ ಶುಕ್ರವಾರ ಬೆಳಗಿನ ಬಸ್ಸು ಹತ್ತಿ ಇಲ್ಲಿಗೆ ಬಾ. ಭಾನುವಾರ ಸಂಜೆಯವರೆಗೆ ಇರು. ಬುಟ್ಟಿ ತರಬೇಡ, ಮಾರಲು ಮೇಣದಬತ್ತಿ ತರಬೇಡ, ಬರೀ ಕೈಯಲ್ಲಿ ಬಾ. ನಾನು ಹುಟ್ಟುವ ಮೊದಲಿಂದಲೂ ನೀನು ಈ ಊರಿಗೆ ಬರುತ್ತಿದ್ದೀಯ. ಬಂದು ನೋಡಿದ್ದೇನು? ಅಂಗಡಿಗಳ ಹಿಂಬಾಗಿಲು, ಬಸ್ ನಿಲ್ದಾಣ, ಮತ್ತೆ ಹಿಂಬಾಗಿಲು. ಚೌಕದ ಬೆಂಚಿನ ಮೇಲೆ ಒಂದೇ ಒಂದು ಸಲ ಕೂತಿದ್ದು ನೆನಪಿದೆ, ಅದೂ ನನಗೆ ವಾಂತಿಯಾಯಿತೆಂದು. ನೀನು ಮಾಡಿದ ಮೇಣದ ಹೂಗಳನ್ನು ಕೊಳ್ಳಲು ಎಲ್ಲೆಲ್ಲಿಂದಲೋ ಬರುವವರು ಮೂರು ದಿನ ಇಲ್ಲಿ ತಿಂದು, ತಿರುಗಿ, ಮಧ್ಯಾಹ್ನ ಒಂದು ನಿದ್ದೆ ತೆಗೆದು ಹೋಗುತ್ತಾರೆ. ಮಾಡಿದವಳಿಗೆ ಆ ಮೂರು ದಿನ ಯಾಕಿಲ್ಲ? ವಿಶ್ರಾಂತಿ ಉಳ್ಳವರು ಹಾಕುವ ಭಿಕ್ಷೆಯಲ್ಲ, ದುಡಿದವರ ಹಕ್ಕು. ಇದು ನನ್ನ ಮಾತಲ್ಲ, ಪಾದಚಾರಿ ರಸ್ತೆಯಲ್ಲಿ ಕೊಂಡ ಒಂದು ಕಿರುಹೊತ್ತಿಗೆಯಲ್ಲಿ ಓದಿದ್ದು. ಆದರೆ ಓದುವಾಗ ಕಣ್ಣಿಗೆ ಬಂದದ್ದು ಬಿಸಿ ಮೇಣ ತಾಗಿ ತಾಗಿ ನುಣುಪಾದ ನಿನ್ನ ಬೆರಳುಗಳು.

ನೀನು ಯಾಕೆ ಬರುವುದಿಲ್ಲವೆನ್ನುತ್ತೀಯೋ ಅದೂ ಗೊತ್ತು. ಕಳೆದ ಜೂನ್‌ನಲ್ಲಿ ನಾನು ಎಲಾದಿಯೊನ ಜೊತೆ ಹೊರಟು ಬಂದೆ. ನಮ್ಮೂರಲ್ಲಿ ಹುಡುಗಿ ಹಾಗೆ ಹೋದರೆ ಹುಡುಗನ ಕಡೆಯವರು ಬ್ರೆಡ್ಡು, ಚಾಕೊಲೇಟು, ಟರ್ಕಿ ಕೋಳಿ, ಹೂವಿನ ಮೇಣದಬತ್ತಿ ಹೊತ್ತು ಅವಳ ತಾಯಿಯ ಬಾಗಿಲಿಗೆ ಬಂದು ತಪ್ಪಾಯಿತು ಎನ್ನಬೇಕು. ಎಲಾದಿಯೊನ ಮನೆಯವರು ಬರಲು ಸಿದ್ಧರಿದ್ದರು. ತಡೆದವಳು ನಾನು. ಹೆಣ್ಣನ್ನು ಕೋಳಿಗೆ ಸರಿದೂಗಿಸುವ ಪದ್ಧತಿ ಸಾಯಲಿ ಎಂದು ನಾನೇ ಬರೆದು, ಎಲಾದಿಯೊನ ಅಚ್ಚಿನ ಮನೆಯಲ್ಲಿ ಮುದ್ರಿಸಿ, ಮಾರುಕಟ್ಟೆಯ ಗೋಡೆಗೆಲ್ಲ ಅಂಟಿಸಿದ್ದೇನೆ. ಅಂಟಿಸಿದ ಕೈಯಲ್ಲೇ ಕೋಳಿಯ ಕಾಲು ಹಿಡಿದು ನಿನ್ನ ಮುಂದೆ ನಿಲ್ಲಲೇ?

ನೀನು ಚಿಕ್ಕಮ್ಮನ ಹತ್ತಿರ ಅಂದದ್ದು ನನ್ನ ಕಿವಿಗೂ ಬಿತ್ತು. "ಊರಿನ ಹುಡ್ಗೀರ ಮನೆಗೆಲ್ಲ ನನ್ನ ಬತ್ತಿ ಹೋಗಿದೆ. ನನ್ನ ಮಗಳೇನು ಬೆಕ್ಕಿನ ಮರಿನಾ, ಯಾರನ್ನೂ ಕೇಳ್ದೆ ಎತ್ಕೊಂಡು ಹೋಗೋಕೆ?" ಆ ಮಾತಿಗೆ ನನ್ನ ಉತ್ತರ ಈ ಮೂರು ದಿನ. ಕೋಳಿಗಿಂತ ಇದು ದೊಡ್ಡದೆಂದು ನನ್ನ ನಂಬಿಕೆ. ಯೋಜನೆ ಕೇಳು.

ಶುಕ್ರವಾರ ಹೊಟ್ಟೆಗೆ. ಬಸ್ಸಿಳಿದ ಕೂಡಲೇ ಮಾರುಕಟ್ಟೆಯಲ್ಲಿ ಮೆಕ್ಕೆಜೋಳ, ಕೋಕೋ ಕಲಸಿದ ತಣ್ಣನೆಯ ತೆಹಾತೆ ಕುಡಿಯೋಣ. ನೊರೆ ಮೇಲಿರುವಾಗಲೇ ಕುಡಿಯಬೇಕೆಂದು ನೀನೇ ಕಲಿಸಿದ್ದು. ಇಲ್ಲಿಯ ಹೆಂಗಸು ಮಾಮೇ ಹಣ್ಣಿನ ಬೀಜದ ತಿರುಳನ್ನು ಚೆನ್ನಾಗಿ ಹುರಿಯುತ್ತಾಳೆ, ಆದರೂ ನೀನು ಏನಾದರೊಂದು ಕೊರತೆ ಹೇಳುತ್ತೀಯ, ಹೇಳು. ಮಧ್ಯಾಹ್ನ ಹೊಗೆಯ ಓಣಿ. ಮಾಂಸವನ್ನು ನಾವೇ ಆರಿಸಿ ಕೊಟ್ಟರೆ ಕೆಂಡದ ಮೇಲೆ ಸುಟ್ಟು ಕೊಡುತ್ತಾರೆ. ಜೊತೆಗೆ ಈರುಳ್ಳಿ, ಹಸಿಮೆಣಸು, ಒಂದು ಹಿಡಿ ಹುರಿದ ಮಿಡತೆ. ಸಂಜೆ ಚಾಕೊಲೇಟಿನ ಗಿರಣಿ. ಕೋಕೋ, ಬಾದಾಮಿ, ಚಕ್ಕೆ ಎಷ್ಟೆಷ್ಟೆಂದು ನೀನು ಹೇಳಿದಂತೆ ಬೀಸಿಕೊಡುತ್ತಾರೆ.

ಶನಿವಾರ ಕೈಕೆಲಸ. ಸಂತ ದೊಮಿಂಗೊ ಮಠದ ಮ್ಯೂಸಿಯಂನಲ್ಲಿ ಹಳೆಯ ಗೋರಿಯೊಂದರಿಂದ ತೆಗೆದ ಚಿನ್ನದ ಒಡವೆಗಳಿವೆ. ಅವನ್ನು ಮೊದಲು ಮೇಣದಲ್ಲಿ ಮಾಡಿದರಂತೆ ಅಮ್ಮಾ. ಮೇಣದ ಮೇಲೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹೋದ ಜಾಗಕ್ಕೆ ಚಿನ್ನ ಹೊಯ್ದರಂತೆ. ಒಂದು ಗೆಜ್ಜೆಯಿದೆ, ಗೋಧಿ ಕಾಳಿನಷ್ಟು. ಅದರ ಮುಂದೆ ನಿಂತಾಗ ಅನಿಸಿತು: ಚಿನ್ನವನ್ನು ಎಲ್ಲರೂ ನೋಡುತ್ತಾರೆ, ಹರಿದು ಹೋದ ಮೇಣವನ್ನು ನೋಡಲು ನೀನೇ ಬೇಕು. ಅಷ್ಟು ಸಣ್ಣ ಎಳೆ ತೆಗೆಯುವಾಗ ಮೇಣ ಎಷ್ಟು ಬಿಸಿ ಇರಬೇಕು? ಅದನ್ನು ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ. ಈ ಒಂದು ವಿಷಯಕ್ಕೆ ನಾನು ಅಲ್ಲಿ ಗಾಜಿನ ಮುಂದೆ ಅತ್ತೆ, ಕಾವಲುಗಾರ ಬಂದು ಏನಾಯಿತೆಂದು ಕೇಳಿದ.

ಭಾನುವಾರ ಇತಿಹಾಸ. ನೀನು ಜೀವಮಾನವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ ಮೊಂತೆ ಅಲ್ಬಾನ್ ಗುಡ್ಡವನ್ನು ಹತ್ತೋಣ. ಭಾನುವಾರ ನಮ್ಮ ದೇಶದವರಿಗೆ ಪುಕ್ಕಟೆ. ತುದಿಯಲ್ಲಿರುವ ಹಳೆಯ ಗುಡಿಗಳ ಮೆಟ್ಟಿಲ ಮೇಲೆ ನಿಂತು ನೋಡಿದರೆ ನಮ್ಮ ಕಣಿವೆ ಪೂರ್ತಿ ಕಾಣುತ್ತದೆ. ಇದನ್ನೆಲ್ಲ ಕಟ್ಟಿದ್ದು ನಿನ್ನಂಥವರು, ಮೇಲೆ ಕೂತವರಲ್ಲ ಎಂದು ಅಲ್ಲಿ ನಿಂತು ನಿನಗೆ ಹೇಳಬೇಕು. ಆಮೇಲೆ ನಿನಗೆ ನನ್ನ ಮೇಲೆ ಕೋಪ ಉಳಿಯುವುದಿಲ್ಲ

ಬುಧವಾರ

ನಿನ್ನೆ ಆ ವಾಕ್ಯಕ್ಕೆ ಚುಕ್ಕೆ ಇಡುವ ಮೊದಲೇ ಎದ್ದು ಹೊರಟೆ. ಇವತ್ತು ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಹೊಸ ಹಾಳೆಯಲ್ಲಿ ಬೇರೆ ಬರೆಯಬಹುದಿತ್ತು, ಆದರೆ ನಾನು ನಿನ್ನೆ ಏನು ಯೋಚಿಸುತ್ತಿದ್ದೆನೆಂಬುದು ನಿನಗೆ ತಿಳಿಯಲಿ.

ಒಂದು ಸಂಗತಿ ಮುಚ್ಚಿಟ್ಟಿದ್ದೆ. ಚಾಕೊಲೇಟಿನ ಗಿರಣಿ ಎಂದೆನಲ್ಲ, ಅಲ್ಲಿ ಯಂತ್ರದ ಮುಂದೆ ನಿಲ್ಲುವುದು ಎಲಾದಿಯೊನ ತಾಯಿ, ದೋನ್ಯಾ ಕಾಸಿಮಿರಾ. ಆಕಸ್ಮಿಕವಾಗಿ ಎಂಬಂತೆ ನಿಮ್ಮಿಬ್ಬರನ್ನು ಅಲ್ಲಿ ಎದುರುಬದುರು ತರುವುದೆಂದು ಲೆಕ್ಕ ಹಾಕಿದ್ದೆ. ನಿನ್ನೆ ಎದ್ದು ಹೋದದ್ದು ಅವಳಿಗೆ ಈ ಯೋಜನೆ ಓದಿ ಹೇಳಲು. ಮೆಚ್ಚುತ್ತಾಳೆಂದುಕೊಂಡಿದ್ದೆ. ಅವಳು ಯಂತ್ರ ನಿಲ್ಲಿಸಿ, ಕೈಗೆ ಮೆತ್ತಿದ ಕೋಕೋವನ್ನು ಸೆರಗಿನಂತೆ ಹೊದ್ದ ರೆಬೋಸೊಗೆ ಒರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ, ನಿಮ್ಮಮ್ಮ ಇದರಲ್ಲಿ ಯಾವಾಗ ಬಾಯಿ ಬಿಡುತ್ತಾಳೆ ಎಂದು.

ಕೋಪ ಮಾಡಿಕೊಳ್ಳಲು ಸಮಯವೇ ಇರಬಾರದೆಂದು ಇಷ್ಟೆಲ್ಲ ತುಂಬಿದ್ದೇನೆ ಅಂದೆ.

"ಅದೇ ನಿನ್ನ ತಪ್ಪು ಕಣೇ," ಅಂದಳು. "ಆ ಬ್ರೆಡ್ಡು ಚಾಕ್ಲೇಟು ಹೊತ್ಕೊಂಡು ನಾವು ಹುಡುಗೀನ ಕೊಂಡ್ಕೊಳ್ಳೋಕೆ ಹೋಗ್ತೀವಿ ಅಂದ್ಕೊಂಡಿದೀಯಾ? ಬೈಸ್ಕೊಳ್ಳೋಕೆ ಹೋಗೋದು. ನನ್ನ ದೊಡ್ಡ ಸೊಸೆ ಮನೆ ಬಾಗ್ಲಲ್ಲಿ ಬೆಳಗ್ಗೆ ನಿಂತೋಳು ಮಧ್ಯಾಹ್ನದವರೆಗೂ ಬೈಸ್ಕೊಂಡಿದೀನಿ. ಬೀದಿಯೋರೆಲ್ಲ ಕೇಳಿಸ್ಕೊಂಡ್ರು. ಆಮೇಲೆ ಆ ಯಮ್ಮ ತಾನೇ ಒಂದು ಕುರ್ಚಿ ತಂದು ಹಾಕಿದ್ಲು. ಈಗ ವಾರಕ್ಕೊಂದ್ಸಲ ನಂಗೆ ಬದನೆ ಸಸಿ ಹೆಂಗಿದೆ ಅಂತ ಫೋನು ಮಾಡ್ತಾಳೆ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಎಂಟು ತಿಂಗ್ಳಾಯ್ತು. ಬೈಯೋಕೆ ನಿಮ್ಮಮ್ಮಂಗೆ ಯಾರನ್ನ ಕೊಟ್ಟಿದೀಯ ನೀನು? ಗೋಡೇನಾ?"

ಅಮ್ಮಾ, ನಾನು ಓದಿದ ಯಾವ ಹೊತ್ತಿಗೆಯಲ್ಲೂ ಇದು ಇರಲಿಲ್ಲ. ಕೊಡುವುದು ಪಡೆಯುವುದು ಬರೆದಿತ್ತು, ಯಾರು ಯಾರ ಸೊತ್ತು ಎಂದು ಬರೆದಿತ್ತು. ಬಾಗಿಲಿನ ಒಳಗೆ ನಿಂತ ಹೆಂಗಸಿಗೆ ಅವತ್ತೊಂದು ದಿನ ಇಡೀ ಬೀದಿ ಸುಮ್ಮನಿದ್ದು ಕಿವಿಗೊಡುತ್ತದೆಂದು ಬರೆದಿರಲಿಲ್ಲ. ಅಪ್ಪ ಹೋದ ಮೇಲೆ ನಿನ್ನ ಮಾತಿಗೆ ಯಾರು ಹಾಗೆ ಕಿವಿಗೊಟ್ಟರು? ದುಡಿದವಳ ಹಕ್ಕು ಎಂದು ದೊಡ್ಡದಾಗಿ ಬರೆಯುವ ನಾನೇ ನಿನ್ನ ಪಾಲಿನ ಒಂದು ಹಕ್ಕನ್ನು ಕಿತ್ತುಕೊಂಡು, ಅದರ ಬದಲಿಗೆ ಮಿಡತೆ ಕೊಡಿಸಲು ಹೊರಟಿದ್ದೆ.

ಆದರೆ ಕೇಳು, ಎಲಾದಿಯೊನ ಜೊತೆ ಬಂದದ್ದು ತಪ್ಪೆಂದು ನಾನು ಈಗಲೂ ಒಪ್ಪುವುದಿಲ್ಲ. ಅವನು ಒಳ್ಳೆಯವನು, ಬಟ್ಟೆ ತಾನೇ ಒಗೆಯುತ್ತಾನೆ, ನನ್ನ ಬರಹದ ಅಕ್ಷರ ತಪ್ಪು ತಿದ್ದುತ್ತಾನೆ, ನಾನು ಕೂಗಾಡಿದರೆ ಹೊರಗೆ ಹೋಗಿ ಕಿತ್ತಳೆ ತರುತ್ತಾನೆ. ಅವರನ್ನು ನಿನ್ನ ಬಾಗಿಲಿಗೆ ಕರೆತರಲು ಒಪ್ಪಿದೆ, ಆದರೆ ಕೋಳಿಯ ವಿಷಯದಲ್ಲಿ ಮಣಿಯಲಿಲ್ಲ. ಕೋಳಿಯಿಲ್ಲದೆ ಹೋದರೆ ತನ್ನ ಮಾನ ಉಳಿಯುತ್ತದೆಯೇ ಎಂದು ಕಾಸಿಮಿರಾ ಇಡೀ ಗಿರಣಿಗೆ ಕೇಳುವಂತೆ ಜಗಳ ಮಾಡಿದಳು. ಕೊನೆಗೆ ಬ್ರೆಡ್ಡು, ಚಾಕೊಲೇಟು, ಮೇಣದಬತ್ತಿಗೆ ರಾಜಿಯಾದೆವು. ಮೇಣದಬತ್ತಿ ಎಲ್ಲಿಂದ ತರುವುದೆಂಬುದು ಇನ್ನೊಂದು ಪಜೀತಿ. ಸುತ್ತಲ ಊರಲ್ಲೆಲ್ಲ ಒಳ್ಳೆಯ ಬತ್ತಿ ಮಾಡುವವಳು ನೀನೊಬ್ಬಳೇ, ನಿನ್ನ ಬಾಗಿಲಿಗೆ ನಿನ್ನ ಬತ್ತಿಯನ್ನೇ ಕೊಂಡು ತರಲಾದೀತೇ? ಇವತ್ತು ನಾನೇ ಕೂತು ಮಾಡಿದೆ. ಅಚ್ಚನ್ನು ಮೇಣದಲ್ಲಿ ಅದ್ದಿ ನೀರಿಗೆ ಹಾಕುವುದು ನೆನಪಿತ್ತು, ಎಷ್ಟು ಬಿಸಿ ಎಂಬುದು ನೆನಪಿರಲಿಲ್ಲ. ಗುಲಾಬಿ ಮಾಡಹೋದರೆ ಆಡಿನ ಕಿವಿ ಬಂತು. ನಿನ್ನ ಬೈಗುಳ ಅಲ್ಲಿಂದಲೇ ಶುರುವಾಗಲಿ, ಎಲ್ಲರಿಗೂ ಸ್ವಲ್ಪ ಸಲೀಸಾಗುತ್ತದೆ.

ಹೊಸ ಯೋಜನೆ ಹೀಗಿದೆ. ಶುಕ್ರವಾರ ಹೇಳಿದಂತೆಯೇ, ಗಿರಣಿ ಮಾತ್ರ ಬೇಡ. ಬಾಗಿಲಿಗೆ ಬರುವ ಮೊದಲು ಕಾಸಿಮಿರಾ ನಿನಗೆ ಮುಖ ತೋರಿಸುವುದಿಲ್ಲವಂತೆ. ಎಲಾದಿಯೊ ಆ ಎರಡು ರಾತ್ರಿ ಅವಳ ಮನೆಯಲ್ಲಿರುತ್ತಾನೆ, ನಮ್ಮ ಮಂಚ ನಿನಗೆ. ಶನಿವಾರ ಬೆಳಿಗ್ಗೆ ಚಿನ್ನದ ಗೆಜ್ಜೆ, ಮಧ್ಯಾಹ್ನ ಗುಡ್ಡ. ಟಿಕೆಟ್ಟಿಗೆ ದುಡ್ಡು ಕೊಟ್ಟೇ ಹತ್ತೋಣ, ಸರ್ಕಾರ ಒಂದು ದಿನ ಬದುಕಿಕೊಳ್ಳಲಿ. ಅಲ್ಲಿ ನಾನು ಭಾಷಣ ಮಾಡುವುದಿಲ್ಲ. ನೀನು ಕೇಳಿದರೆ ಮಾತ್ರ ಸ್ವಲ್ಪ ಹೇಳುತ್ತೇನೆ.

ಭಾನುವಾರ ನಗರದಲ್ಲಿಲ್ಲ. ಬೆಳಿಗ್ಗೆ ನಿನ್ನನ್ನು ಮೊದಲ ಬಸ್ಸಿಗೆ ಹತ್ತಿಸುತ್ತೇನೆ. ನೀನು ಮನೆಗೆ ಹೋಗಿ, ಕಸ ಗುಡಿಸಿ, ನಿನ್ನ ಒಳ್ಳೆಯ ಬಟ್ಟೆ ಉಟ್ಟು, ಬಾಗಿಲು ಹಾಕಿಕೊಂಡು ಕೂತಿರು. ಅದರ ಹಿಂದಿನ ಬಸ್ಸಿಗೆ ಎಲಾದಿಯೊ, ಅವನ ಅಪ್ಪ ಅಮ್ಮ, ನಾನು ಬರುತ್ತೇವೆ. ಬೀದಿಯುದ್ದಕ್ಕೂ ಬುಟ್ಟಿ ಹೊತ್ತು ನಡೆದು ಬಂದು ತಟ್ಟುತ್ತೇವೆ. ತಟ್ಟಿದ ಕೂಡಲೇ ತೆಗೆಯಬೇಡ. ನಿನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾವು ಬಿಸಿಲಲ್ಲಿ ನಿಂತಿರುತ್ತೇವೆ. ತೆಗೆದ ಮೇಲೆ ಎಂಟು ತಿಂಗಳದ್ದನ್ನೂ ಹೇಳು, ಅದಕ್ಕೂ ಹಿಂದಿನದಿದ್ದರೆ ಅದನ್ನೂ ಹೇಳು. ನಾನು ಎದುರು ಮಾತಾಡುವುದಿಲ್ಲ. ಇದು ನಾನು ಯಾರಿಗೂ ಕೊಡದ ಮಾತು, ನಿನಗೆ ಗೊತ್ತಿದೆ.

ಕುರ್ಚಿ ಹಾಕುವುದು ಬಿಡುವುದು ನಿನ್ನಿಷ್ಟ.

ಬೈಗುಳಕ್ಕೆ ಕಾದಿರುವ ನಿನ್ನ ಮಗಳು,
ನೋಯೆಮಿ

ಕೊನೆಗೆ ಉಳಿದದ್ದು: ಶುಕ್ರವಾರ ನೀನು ಬರದಿದ್ದರೂ ಭಾನುವಾರ ನಾವು ಬರುತ್ತೇವೆ, ಬ್ರೆಡ್ಡಿಗೆ ಹೇಳಿಯಾಗಿದೆ. ನವೆಂಬರ್‌ನಲ್ಲಿ ಸತ್ತವರ ಹಬ್ಬದ ದಿನ ಮಧ್ಯಾಹ್ನ ನಾನು ಒಬ್ಬಳೇ ಊರಿಗೆ ಬಂದಿದ್ದೆ. ಒಳಗೆ ನೀನು ಅಪ್ಪನ ಪಟದ ಮುಂದೆ ಹೂ ಜೋಡಿಸುತ್ತಾ, ನನ್ನ ಮೇಲಿನ ದೂರನ್ನೆಲ್ಲ ಅವನಿಗೆ ಹೇಳುತ್ತಿದ್ದೆ. ಬಾಗಿಲ ಹೊರಗೆ ನಿಂತು ಪೂರ್ತಿ ಕೇಳಿಸಿಕೊಂಡೆ, ತಟ್ಟಲು ಕೈ ಏಳಲಿಲ್ಲ, ವಾಪಸು ಬಸ್ಸು ಹತ್ತಿದೆ. ಅದಕ್ಕೇ ಈ ಸಲ ತಟ್ಟುವ ಕೆಲಸ ಕಾಸಿಮಿರಾಳಿಗೆ ವಹಿಸಿದ್ದೇನೆ. ಅವಳ ಕೈ ಗಟ್ಟಿ.