ತಾತನಿಗೆ ಹೊದಿಸಿದ ಕಂಬಳಿ

ಚಿಯಾರಪಂಪ,
ಜುಲೈ ೧೪, ಭಾನುವಾರ

ಮುದ್ದಿನ ಮಗಳು ರೊಸೆಂದಾಗೆ ನಿನ್ನಮ್ಮನ ನೂರು ಮುತ್ತು. ಅದರಲ್ಲಿ ತೊಂಬತ್ತು ಪುಟ್ಟ ಅಮಾರುವಿಗೆ ಕೊಡು, ಉಳಿದದ್ದು ನೀನಿಟ್ಟುಕೋ.

ಹೇಗಿದ್ದೀಯೇ? ಬಾಣಂತನದಲ್ಲಿ ಹಿಡಿದ ಸೊಂಟನೋವು ಈಗಲಾದರೂ ಬಿಟ್ಟಿತಾ? ಅಳಿಯಂದಿರ ಕೆಮ್ಮು ಹೇಗಿದೆ? ಅರೆಕಿಪಾ ಪಟ್ಟಣದ ಧೂಳಿಗೆ ಕೆಮ್ಮದೆ ಇನ್ನೇನು, ಬಿಸಿನೀರು ಕುಡಿಯಲು ಹೇಳು. ಅಮಾರು ಗೋಡೆ ಹಿಡಿದು ನಡೆಯುತ್ತಾನೆ, ತಲೆಯೆಲ್ಲ ಸಿಕ್ಕುಗಟ್ಟಿದೆ, ನೋಡಿದವರು ಹೆಣ್ಣುಮಗು ಅಂದುಕೊಳ್ಳುತ್ತಾರೆ ಎಂದು ಬರೆದಿದ್ದೀಯ. ಅಂದುಕೊಳ್ಳಲಿ ಬಿಡು. ಮೊದಲ ಕತ್ತರಿ ಬೀಳುವತನಕ ಬಾಚಬಾರದು. ನಿನ್ನ ತಲೆಯೂ ಹಾಗೇ ಇತ್ತು, ನಿನ್ನ ಸೋದರತ್ತೆ ಕಾಸಿಲ್ದಾ ನಿನ್ನನ್ನು ಗುಬ್ಬಿಗೂಡು ಅಂತಲೇ ಕರೆಯುತ್ತಿದ್ದಳು. ನಾವು ಇದ್ದೇವೆ. ನನಗೆ ಮಂಡಿ, ನಿಮ್ಮಪ್ಪನಿಗೆ ಹಲ್ಲು. ಫೋನು ಮಾಡಮ್ಮ ಅಂತೀಯ. ಫೋನು ಹಿಡಿಯಬೇಕಾದರೆ ಗುಡ್ಡದ ನೆತ್ತಿಗೆ ಹತ್ತಬೇಕು, ಅಲ್ಲಿ ಅರ್ಧ ಮಾತು ಗಾಳಿಗೆ, ಇನ್ನರ್ಧ ಊರವರ ಕಿವಿಗೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆಗಸ್ಟಿನಲ್ಲಿ ಮಗುವನ್ನು ಕರೆದುಕೊಂಡು ಬರುತ್ತೇನೆ, ಮೊದಲ ಕೂದಲು ನಮ್ಮ ಅಂಗಳದಲ್ಲೇ ತೆಗೆಸೋಣ, ಮಂದೆಯಲ್ಲಿ ಅವನ ಪಾಲಿನ ಅಲ್ಪಾಕಾಗಳನ್ನು ಅವನಿಗೆ ಕೊಡಿಸೋಣ ಎಂದು ಕೇಳಿದ್ದೀಯಲ್ಲ, ಆ ಸಾಲನ್ನು ನಿಮ್ಮಪ್ಪ ನನ್ನಿಂದ ಮತ್ತೆ ಮತ್ತೆ ಓದಿಸಿದರು. ಆಮೇಲೆ ಹೊರಗೆ ಹೋಗಿ ಮಂದೆಯಲ್ಲಿ ಯಾವ ಹೆಣ್ಣುಮರಿ ಕೊಡಬಹುದೆಂದು ಒಂದೊಂದನ್ನೇ ಕಿವಿ ಹಿಡಿದು ನೋಡಿದ್ದೇ ನೋಡಿದ್ದು. ನಿನಗೆ ನೆನಪಿರಲಾರದು. ನಿನ್ನ ಮೊದಲ ಜಡೆ ಕತ್ತರಿಸಿದ ಮೇಲೆ ಕಾಸಿಲ್ದಾ ಒಂದು ಕಂದು ಹೆಣ್ಣುಮರಿಯ ಹಗ್ಗವನ್ನು ನಿನ್ನ ಕೈಗೆ ಸುತ್ತಿದಳು. ಆ ಮರಿ ನಿನ್ನನ್ನು ಎಳೆದುಕೊಂಡು ಹೋಗಿ ಗೊಬ್ಬರದ ರಾಶಿಗೆ ಕೆಡವಿತು, ನೀನು ಹಗ್ಗ ಬಿಡಲಿಲ್ಲ. ಇವತ್ತು ಕೊಟ್ಟಿಗೆಯಲ್ಲಿರುವ ನಿನ್ನ ಹೆಸರಿನವೆಲ್ಲ ಅದರ ಸಂತಾನ. ಹಾಗೆ ಹಗ್ಗ ಹಿಡಿದವರು ಎಲ್ಲೇ ಹೋದರೂ ಈ ಹುಲ್ಲುಗಾವಲಿನವರೇ, ಅವರ ಪಾಲಿನ ಹುಲ್ಲು ಇದ್ದೇ ಇರುತ್ತದೆ. ಹಿಡಿಯದವರು ಬಂದರೆ ನೆಂಟರು, ಉಂಡು ಹೋಗಬಹುದು, ಅಷ್ಟೇ.

ಆದರೆ ಮಗಳೇ, ಹುಲ್ಲಿನ ಕಥೆ ಕೇಳು. ನಮ್ಮ ಬೆಟ್ಟ ಪುಮಾರಿತಿ ತಾತನ ತಲೆಯ ಮೇಲೆ ನೀನು ಹುಡುಗಿಯಾಗಿದ್ದಾಗ ಕಣ್ಣು ಕುಕ್ಕುವಷ್ಟು ಹಿಮವಿತ್ತು. ಈಗ ಕರಿಬಂಡೆ. ಮೇಲಿನ ಜೌಗಿನ ನೆತ್ತಿಯಲ್ಲಿ ಒಂದು ಮಂಜುಗಡ್ಡೆಯ ನಾಲಿಗೆ ಮಾತ್ರ ಉಳಿದಿತ್ತು, ಮಳೆಯಿಲ್ಲದ ತಿಂಗಳುಗಳಲ್ಲಿ ನಮ್ಮ ಜೌಗಿಗೆ ಬರುವ ನೀರೆಲ್ಲ ಅದರದೇ. ನನ್ನನ್ನು ನೀರಿನ ಸಮಿತಿಗೆ ಹಿರಿಯಳನ್ನಾಗಿ ಮಾಡಿದಾಗಿನಿಂದ ನಾವು ಸುಮ್ಮನೆ ಕೂತಿಲ್ಲ. ಹುಲ್ಲುಹೆಂಟೆ ಕಿತ್ತು ತೊರೆಗೆ ಅಡ್ಡಗಟ್ಟಿದೆವು, ನೀರು ಓಡಿಹೋಗದೆ ಜೌಗಿನ ಮೇಲೆಲ್ಲ ಹರಡುವಂತೆ ಮಾಡಿದೆವು. ಒಣಗಿದ ಇಚು ಹುಲ್ಲಿನಿಂದ ದಪ್ಪ ಚಾಪೆ ನೇಯ್ದು ಆ ನಾಲಿಗೆಗೆ ಹೊದಿಸಿದೆವು. ಚಾಪೆಯ ಅಡಿಯ ಮಂಜು ಕರಗದೆ ನಿಂತಿತು ಕಣೇ! ಪಟ್ಟಣದಿಂದ ನೋಡಲು ಬಂದವರೂ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಅವತ್ತು ನನಗೆ ಬಂದ ಜಂಬ ನೀನು ನೋಡಬೇಕಿತ್ತು.

ಮೇ ತಿಂಗಳಲ್ಲಿ ಬಿರುಗಾಳಿ ಬಂದು ಚಾಪೆಗಳನ್ನು ಕಿತ್ತೆಸೆಯಿತು. ಹೊಸದು ನೇಯಲು ಹುಲ್ಲು ಒಣಗಬೇಕು, ಕಾಯಬೇಕು. ಅಷ್ಟರಲ್ಲಿ ನಿಮ್ಮಪ್ಪ ಕಾಣಿಕೆ ಇಡಲು ಮೇಲೆ ಹೋದವರು ಅಳುತ್ತಾ ಇಳಿದು ಬಂದರು. ತಾತ ನರಳುತ್ತಿದ್ದಾನೆ, ಒಳಗಿನಿಂದ ಸದ್ದು ಕೇಳಿದೆ ಎಂದರು. ‘ಮುದುಕನಿಗೆ ಮೈಮೇಲೆ ಬಟ್ಟೆಯಿಲ್ಲ ಕಣೇ, ಚಳಿಗೆ ಸಾಯ್ತಿದ್ದಾನೆ. ನಿನ್ನ ಹುಲ್ಲು ಯಾವಾಗ ಒಣಗ್ಬೇಕು? ಮನೇಲಿ ಕಂಬಳಿ ಇಟ್ಕೊಂಡು ಸುಮ್ನಿರ್ತೀಯಾ?’ ನೀನೇ ಹೇಳು, ಮುದಿಜೀವ ನಡುಗುತ್ತಿದೆ ಅಂದರೆ ಯಾರು ಸುಮ್ಮನಿರುತ್ತಾರೆ? ಊರಿಗೆ ಊರೇ ಹೊರಟಿತು. ಯಾರೂ ಹಳೆಯದು ತರಲಿಲ್ಲ, ತಾತನಿಗೆ ಹಳೆಯದು ಕೊಡುವುದುಂಟೇ? ಕರಿ ಅಲ್ಪಾಕಾದ ನಯವಾದ ಉಣ್ಣೆಯವು, ಹಬ್ಬಕ್ಕೆ ಹೊದೆಯುವಂಥವು. ಕಾಸಿಲ್ದಾ ಗಂಡನ ಸಾವಿಗೆಂದು ನೇಯ್ದಿಟ್ಟಿದ್ದನ್ನೇ ತಂದಳು, ‘ಅವನು ಹೇಗೂ ಸಾಯೋ ಹಾಗೆ ಕಾಣ್ತಿಲ್ಲ’ ಎಂದು ನಗಿಸಿದಳು ಬೇರೆ. ನಾನು ನನ್ನ ಮದುವೆಯ ಕಂಬಳಿ ಹೊತ್ತೆ. ಹೊದಿಸಿ, ಅಂಚಿಗೆ ಕಲ್ಲಿಟ್ಟು, ತಾತಾ ಬೆಚ್ಚಗಿರು ಎಂದು ಬೇಡಿ ಬಂದೆವು.

ಬೆಚ್ಚಗಾಯಿತು. ಚೆನ್ನಾಗಿಯೇ ಬೆಚ್ಚಗಾಯಿತು. ತೆಳು ಕರಿಬಟ್ಟೆ, ಮೇಲೆ ನೆತ್ತಿ ಸುಡುವ ಬಿಸಿಲು. ಮೊದಲ ವಾರ ಜೌಗಿಗೆ ನೀರೋ ನೀರು. ತಾತ ಸಂತೋಷಪಟ್ಟಿದ್ದಾನೆ ಎಂದು ನಿಮ್ಮಪ್ಪ ಊರೆಲ್ಲ ಹೇಳಿಕೊಂಡು ತಿರುಗಿದರು. ನನಗೆ ಅನುಮಾನ ಬಂದು ಮೇಲೆ ಹೋಗಿ ನೋಡಿದರೆ ಕಂಬಳಿಗಳೆಲ್ಲ ಗುಂಡಿಯೊಳಗೆ ಕುಸಿದು ಕೂತಿದ್ದವು. ನನ್ನದನ್ನು ಎತ್ತಿದೆ. ಅಡಿಯಲ್ಲಿ ಕೆಸರು ಮತ್ತು ಕಲ್ಲು. ನಾನು ಅಲ್ಲೇ ಕೂತು ಅತ್ತೆ ರೊಸೆಂದಾ, ಹೆಣದ ಮುಂದೆ ಅಳುವ ಹಾಗೆ ಅತ್ತೆ. ನಿಮ್ಮಪ್ಪ ಅವತ್ತಿನಿಂದ ಮೇಲೆ ಹತ್ತಿಲ್ಲ, ಆ ದಿಕ್ಕಿಗೆ ತಲೆಯೆತ್ತಿ ನೋಡುವುದೂ ಇಲ್ಲ. ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಅವರು ಜಗಳವಾಡಿಯಾದರೂ ಹಗುರಾಗುತ್ತಿದ್ದರೇನೋ.

ಈಗ ಮೇಲಿನ ಜೌಗು ಒಣಗಿ ಬಿರುಕು ಬಿಟ್ಟಿದೆ, ಕಾಲಿಟ್ಟರೆ ಪುಡಿಪುಡಿ. ಅದರ ಕೆಳಗೊಂದು ಬುಗ್ಗೆ ಇನ್ನೂ ಜಿನುಗುತ್ತಿದೆ. ಅದೊಂದನ್ನು ಉಳಿಸಿಕೊಂಡರೆ ಮಳೆನೀರು ಹಿಡಿದು ಜೌಗು ಮತ್ತೆ ಹಸಿರಾಗಬಹುದು, ನಮ್ಮ ಕಾಲಕ್ಕಲ್ಲದಿದ್ದರೂ ಮುಂದೆ. ಅದಕ್ಕೆ ಸಭೆ ಕರೆದೆ. ಮೇಲಿನ ಜೌಗಿಗೆ ಯಾರ ಪ್ರಾಣಿಯೂ ಹೋಗಕೂಡದು, ಪ್ರತಿ ಮನೆಯೂ ಅರ್ಧ ಮಂದೆ ಮಾರಿಬಿಡಬೇಕು, ನೀರು ಮರಳುವತನಕ ಯಾವ ಹೊಸ ಕೈಗೂ ಹಗ್ಗ ಕೊಡಕೂಡದು. ಈ ಮಾತು ಆಡಿದವಳು ನಾನೇ, ಮೊದಲು ಕೈಯೆತ್ತಿದವಳೂ ನಾನೇ. ಆಗ ಕಾಸಿಲ್ದಾ ಎದ್ದು ನಿಂತು ಎಲ್ಲರೆದುರು ಕೇಳಿದಳು, ‘ಅತ್ತಿಗೆ, ಆಗಸ್ಟಿಗೆ ನಿಮ್ಮ ಅರೆಕಿಪಾದ ಮೊಮ್ಮಗ ಬರ್ತಾನಂತಲ್ಲ, ಅವನು ಹೊಸ ಕೈ ಅಲ್ವಾ? ಇಲ್ಲಾ ಅವನು ಹುಟ್ಟುವಾಗ್ಲೇ ಹಗ್ಗ ಹಿಡ್ಕೊಂಡು ಬಂದ್ನಾ?’ ಜನ ನಕ್ಕರು. ಅವಳ ಮಾತಿಗೆ ನನಗೆ ಮೈ ಉರಿಯಿತು, ಆದರೆ ಅವಳ ಸೊಸೆಯೂ ಈಗ ತುಂಬು ಗರ್ಭಿಣಿ. ಕೇಳುವ ಹಕ್ಕು ಅವಳಿಗಿದೆ. ನಿಮ್ಮಪ್ಪ ಮನೆಗೆ ಬಂದಮೇಲೆ ನನ್ನ ಬೆನ್ನು ಹತ್ತಿದರು. ‘ಒಂದೇ ಒಂದು ಮರಿ ಕಣೇ. ಸಂಜೆ ಹೊತ್ತು, ಬಾಗಿಲು ಹಾಕ್ಕೊಂಡು ಕೊಟ್ಬಿಡೋಣ. ಹುಲ್ಲು ಎಷ್ಟು ತಿಂದೀತು ಅದು?’ ಆದರೆ ನೀನೇ ಯೋಚಿಸು. ಪ್ರತಿ ಮನೆಯಲ್ಲೂ ಒಂದು ಬಾಗಿಲಿದೆ, ಪ್ರತಿ ಬಾಗಿಲ ಹಿಂದೆ ಒಂದು ಮಗುವಿದೆ. ಆಮೇಲೆ ಆ ಬುಗ್ಗೆಯನ್ನು ಯಾರು ಕಾಯುತ್ತಾರೆ?

ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ನಿನ್ನನ್ನು ಬಾ ಬಾ ಎಂದು ಇಷ್ಟು ವರ್ಷ ಗೋಗರೆದವಳು ನಾನು. ಈ ಸಲದ ಚುನ್ಯೊ ಆಲೂಗಡ್ಡೆ ಚೆನ್ನಾಗಿ ಹೆಪ್ಪುಗಟ್ಟಿ ಒಣಗಿದೆ, ಲಾರಿಯವನ ಕೈಲಿ ಒಂದು ಚೀಲ ಕಳಿಸುತ್ತಿದ್ದೇನೆ, ಹಿಂದಿನ ರಾತ್ರಿಯೇ ನೆನೆಹಾಕು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಅಮಾರುವಿನ ಕಾಲು ಗಟ್ಟಿಯಾಗಲಿ, ನಿನ್ನ ಮನೆಯಲ್ಲಿ ಒಲೆ ಆರದಿರಲಿ. ಭೂಮಿತಾಯಿ ನಿಮ್ಮನ್ನು ಎಲ್ಲಿದ್ದರೂ ಕಾಯಲಿ.

ನಿನ್ನ ಅಮ್ಮ,
ವಾಲೆರಿಯಾನಾ

ಮರೆತದ್ದು: ಮರೆತಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಉಣ್ಣೆ ಲಾರಿ ಹಾರ್ನ್ ಹೊಡೆಯುತ್ತಿದೆ. ಬರಬೇಡ ಮಗಳೇ. ಮಗುವಿನ ಕೂದಲು ಅಲ್ಲೇ ಕತ್ತರಿಸು, ಅಲ್ಲಿಯ ಜನರನ್ನೇ ಕರೆದು, ಅವರು ಕೊಡುವುದನ್ನು ಅವನ ಕೈಗೆ ಕೊಡು. ನಿನ್ನ ಕಂದು ಮರಿಯ ಸಂತಾನವನ್ನೂ ಮಾರಿ ಇದೇ ಲಾರಿಗೆ ಹತ್ತಿಸಿದ್ದೇನೆ, ಅರ್ಧವಲ್ಲ, ಎಲ್ಲವನ್ನೂ. ಇಲ್ಲಿರುವವರ ಮಕ್ಕಳಿಗೆ ಅಷ್ಟು ಹುಲ್ಲು ಉಳಿಯಲಿ ಎಂದು. ಇನ್ನು ಮೇಲೆ ಬಂದರೆ ನೀನೂ ನೆಂಟರ ಲೆಕ್ಕವೇ. ನನ್ನನ್ನು ಬೈದು ಬರೆ, ಬರೆಯದೆ ಮಾತ್ರ ಇರಬೇಡ.