ಕಬ್ಬಿನೊಳಗಿನ ಕೌಜಗ

ಮುಧೋಳ
೯ ನವೆಂಬರ್ ೨೦೨೫

ಪ್ರೀತಿಯ ಅನೂ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಪತ್ರ ಪಂಚಮಿಗೆ ಬಂದದ್ದು. ದೀಪಾವಳಿಯೂ ಮುಗಿಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ರಬಕವಿಯಿಂದ ನೀನು ಕಳಿಸಿದ ಸೀರೆ ಹಬ್ಬದ ಮೊದಲೇ ಮುಟ್ಟಿತು. ಉಟ್ಟುಕೊಂಡು ಹಾಸ್ಟೆಲಿಗೆ ಹೋದರೆ ಹುಡುಗಿಯರೆಲ್ಲ ಇವತ್ತು ಯಾರ ಮದುವೆ ಎಂದು ಕೇಳಿ ನನ್ನ ತಲೆ ತಿಂದರು. ನಿನ್ನ ಮೊಣಕಾಲು ಹೇಗಿದೆ? ನಿಮ್ಮ ಮನೆಯವರಿಗೆ ಇನ್ನೂ ಮಗ್ಗದ ಸದ್ದು ನಿಂತರೆ ಎಚ್ಚರವಾಗುತ್ತದೆಯೋ? ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದದ್ದನ್ನು ನುಂಗಿಬಿಡುತ್ತೇನೆ. ಈ ಸಲ ನುಂಗಬಾರದೆಂದು ಕಾಗದ ಹಿಡಿದು ಕೂತಿದ್ದೇನೆ.

ನಾನು ವಾರ್ಡನ್ ಆಗಿರುವ ಹಾಸ್ಟೆಲು ನೀನು ನೋಡಿದ್ದೀಯ. ಊರ ಹೊರಗೆ, ಮುಂದೆ ರಸ್ತೆ, ರಸ್ತೆಯಾಚೆ ಕಬ್ಬು. ನಲವತ್ತೆರಡು ಹುಡುಗಿಯರು, ಎಲ್ಲರೂ ಬುಡಕಟ್ಟಿನವರು, ಹೆಚ್ಚಿನವರು ನಮ್ಮ ಬೇಡರ ಮಕ್ಕಳೇ. ಈ ಜೂನಿನಲ್ಲಿ, ಹಿಂದೆ ಬೇಟೆಯಾಡಿ ಅಲೆಯುತ್ತಿದ್ದ ಹರಣಶಿಕಾರಿಯವರ ಹುಡುಗಿಯೊಬ್ಬಳು ಬಂದಳು. ಹೆಸರು ರಾಧಿಕಾ, ಎಂಟನೆಯ ತರಗತಿ, ಬೀಳಗಿ ಕಡೆಯ ಬಿಡಾರದವಳು. ಅಪ್ಪ ಕಬ್ಬು ಕಡಿಯಲು ಹೋಗುತ್ತಾನೆ, ತಾಯಿ ಸಂತೆಯಿಂದ ಸಂತೆಗೆ ಬಾಚಣಿಗೆ, ಪಿನ್ನು, ಸೂಜಿ ಮಾರುತ್ತಾಳೆ. ಅವರ ಬಿಡಾರದಲ್ಲಿ ಏಳನೆಯ ತರಗತಿ ದಾಟಿದ ಮೊದಲ ಹೆಣ್ಣುಮಗು ಇವಳೇ. ಲೆಕ್ಕ ಅಂದರೆ ಆಯಿತು, ನಾನು ಹಲಗೆಯ ಮೇಲೆ ಬರೆದು ಮುಗಿಸುವುದರೊಳಗೆ ಉತ್ತರ ಹೇಳಿ ನನ್ನ ಮಾನ ಕಳೆಯುತ್ತಾಳೆ.

ಅವಳಲ್ಲಿ ಒಂದೇ ಒಂದು ಚಾಳಿ. ವಾರಕ್ಕೊಮ್ಮೆ, ಊರ ಸಂತೆಯ ದಿನ, ಸಂಜೆ ಐದೂವರೆಗೆ, ಕಿಟಕಿಯ ಹತ್ತಿರ ನಿಂತು ಕೌಜಗ ಹಕ್ಕಿಯ ಹಾಗೆ ಕೂಗುವುದು. ಕೌಜಗ 'ಪಟೀಲಾ ಪಟೀಲಾ' ಎಂದು ಕರೆಯುತ್ತದೆ ಎಂದು ನಾವು ಚಿಕ್ಕವರಿದ್ದಾಗ ಅಣಕಿಸುತ್ತಿದ್ದೆವಲ್ಲ, ಥೇಟ್ ಹಾಗೆ. ಹತ್ತನೆಯ ತರಗತಿಯ ಕಾವ್ಯ ಓದಲಿಕ್ಕೆ ಆಗುವುದಿಲ್ಲವೆಂದು ನನ್ನ ಹತ್ತಿರ ದೂರು ತಂದಳು. ನಾನು ರಾಧಿಕಾಳನ್ನು ಕರೆದು, ಹೆಣ್ಣುಮಕ್ಕಳು ಸಿಳ್ಳೆ ಹಾಕಬಾರದು ಎಂದೆ. ನಗಬೇಡ. ಜಮಖಂಡಿಯ ಹಾಸ್ಟೆಲಿನಲ್ಲಿ ನಮ್ಮ ವಾರ್ಡನ್ ಇದೇ ಮಾತು ಹೇಳಿದಾಗ ಅವರ ಬೆನ್ನ ಹಿಂದೆ ಸಿಳ್ಳೆ ಹಾಕಿದವಳು ನಾನೇ, ಗೊತ್ತು. ಹೇಳಿದ್ದಲ್ಲದೆ ಅವಳ ಟ್ರಂಕು ಹೊರಿಸಿ ಹಿಂದಿನ ಕೋಣೆಗೆ ಕಳಿಸಿದೆ. ಅಲ್ಲಿ ಪಕ್ಕದಲ್ಲೇ ನೀರಿನ ಮೋಟಾರು, ಅದರ ಸದ್ದಿನಲ್ಲಿ ಯಾವ ಕೂಗೂ ಕೇಳದು. ಐದರಿಂದ ಏಳು ಓದುವ ಹೊತ್ತು, ಕೋಣೆ ಬಿಟ್ಟು ಯಾರೂ ಹೊರಗೆ ಬರುವಂತಿಲ್ಲ. ದೊಡ್ಡ ಜಾಣತನ ಮಾಡಿದೆನೆಂದು ಎರಡು ದಿನ ಬೀಗಿದೆ.

ಒಂದು ಸಂತೆ ಕಳೆಯಿತು, ಎರಡನೆಯದೂ ಕಳೆಯಿತು. ರಾಧಿಕಾ ಅರ್ಧ ರೊಟ್ಟಿ ಬಿಡತೊಡಗಿದಳು. ಲೆಕ್ಕದ ಪರೀಕ್ಷೆಯಲ್ಲಿ ಹೆಸರು ಬರೆದು ಹಾಳೆ ಖಾಲಿ ಕೊಟ್ಟಳು. ಕೇಳಿದರೆ ಮನೆಗೆ ಹೋಗುತ್ತೇನೆ ಎಂದಳು, ಅಷ್ಟೇ. ನಡುವರ್ಷದಲ್ಲಿ ಮನೆಗೆ ಹೋದ ಹುಡುಗಿ ಮರಳಿ ಬರುವುದಿಲ್ಲ, ಅನೂ. ಹನ್ನೊಂದು ವರ್ಷದಲ್ಲಿ ಹಾಗೆ ಹೋದ ನಾಲ್ವರನ್ನು ನೋಡಿದ್ದೇನೆ. ನಾಲ್ವರನ್ನೂ ಆಮೇಲೆ ಕಂಡದ್ದು ಬಸ್ ಸ್ಟ್ಯಾಂಡಿನಲ್ಲಿ, ಕಂಕುಳಲ್ಲಿ ಕೂಸು. ಇವಳು ಐದನೆಯವಳಾಗಬಾರದು ಎಂದು ಹಟ ಹಿಡಿದೆ, ಆದರೆ ರೋಗವೇ ಗೊತ್ತಿಲ್ಲದೆ ಮದ್ದು ಎಲ್ಲಿಂದ ತರಲಿ?

ಈಗ ಸೋಜಿಗದ ಸಂಗತಿ ಕೇಳು. ಹುಡುಗಿ ಸುಮ್ಮನಾದಳು, ಕೌಜಗ ಸುಮ್ಮನಾಗಲಿಲ್ಲ. ರಸ್ತೆಯಾಚೆಯ ಕಬ್ಬಿನಿಂದ ಅದೇ ಕೂಗು. ಮೊದಲೂ ಕೇಳುತ್ತಿತ್ತು, ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಮೊದಲು ಸಂತೆಯ ದಿನ ಮಾತ್ರ ಇತ್ತು, ಈಗ ದಿನಾ ಐದೂವರೆಗೆ. ನನ್ನ ಮೂಗು ನಿನಗೆ ಗೊತ್ತಲ್ಲ, ತೂರಿಸದಿದ್ದರೆ ತಿಂದ ಅನ್ನ ಅರಗುವುದಿಲ್ಲ. ಹಕ್ಕಿಗೆ ಸಂತೆಯ ದಿನ ಹೇಗೆ ಗೊತ್ತಾಗುತ್ತದೆ? ಆಳುದ್ದದ ಕಬ್ಬಿನ ನಡುವೆ ಕೌಜಗಕ್ಕೇನು ಕೆಲಸ? ಕೂಗನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಮನೆಗೆ ಬಂದು ಅವ್ವನಿಗೆ ಕೇಳಿಸಿದೆ.

ನಮ್ಮವ್ವ ಸಾತವ್ವ ನನ್ನ ಜೊತೆಗೇ ಇದ್ದಾಳೆಂದು ಬರೆದಿದ್ದೆನಲ್ಲ. ಅನಗವಾಡಿಯಲ್ಲಿ ತನ್ನ ಅಪ್ಪನ ಬೇಟೆ ನಾಯಿಗಳ ಹಿಂದೆ ಅಡ್ಡಾಡಿ ಬೆಳೆದವಳು. ಕಣ್ಣು ಮಂಜಾಗಿದೆ, ಕಿವಿ ಇನ್ನೂ ಚುರುಕು. ಮೂರು ಸಲ ಹಚ್ಚಿಸಿ ಕೇಳಿದಳು.

"ಹಕ್ಕಿ ಕರೀತೈತಿ, ಉತ್ತರಾ ಬರ್ಲಿಲ್ಲಂದ್ರ ಬ್ಯಾರೆ ಹೊಲಕ್ಕ ಹೋಕ್ಕೈತಿ. ಇದು ಹೋಗವಲ್ದು. ಶೈಲಿ, ಇದು ಹಕ್ಕಿ ಅಲ್ಲ. ಯಾರೋ ಹಡದಾಕಿ."

ಮರುದಿನ ಐದೂವರೆಗೆ ನಾನು ರಸ್ತೆ ದಾಟಿ ಕಬ್ಬಿನ ಬದುವಿನ ಮೇಲೆ ನಡೆದೆ. ನೀನು ಕಳಿಸಿದ ಸೀರೆಯ ಸೆರಗು ಕಬ್ಬಿನ ರವದಿಯ ಒಣ ಗರಿಗೆ ಸಿಕ್ಕಿ ಎರಡು ಎಳೆ ಹೋಯಿತು, ಅದಕ್ಕೂ ಈಗಲೇ ಬೈದುಬಿಡು. ಬದುವಿನ ತುದಿಯಲ್ಲಿ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತಿದ್ದಳು, ಪಕ್ಕದಲ್ಲಿ ಬಾಚಣಿಗೆಯ ಬುಟ್ಟಿ. ನನ್ನನ್ನು ಕಂಡವಳೇ ಬುಟ್ಟಿ ಎತ್ತಿಕೊಂಡು ಓಡಲು ಎದ್ದಳು. ನಾನು ಹಾಸ್ಟೆಲಿನವಳು, ರಾಧಿಕಾ ನನ್ನ ಹತ್ತಿರ ಇದ್ದಾಳೆ ಎಂದು ಕೂಗಿ ಹೇಳಿದ ಮೇಲೆ ನಿಂತಳು.

"ನನ್ನ ಮಗಳು ಜಡ್ಡಾಗ್ಯಾಳೇನ್ರಿ ಬಾಯಾರ?" ಎಂದಳು. "ಎರಡು ಸಂತಿ ಆತು, ದನಿ ಇಲ್ಲ."

ಅವಳ ಹೆಸರು ಶಾರವ್ವ. ಐದು ದಿನದಿಂದ ಬಿಡಾರಕ್ಕೆ ಹೋಗದೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿ, ದಿನಾ ಸಂಜೆ ಇಲ್ಲಿ ಬಂದು ಕೂಗುತ್ತಿದ್ದಳಂತೆ. ಮಗಳಿಗೆ ಏನೋ ಆಗಿದೆ, ಹಾಸ್ಟೆಲಿನವರು ನಮಗೆ ಹೇಳುತ್ತಿಲ್ಲ ಎಂದು ಅವಳ ಲೆಕ್ಕ. ನಾಳೆ ಕರೆದುಕೊಂಡು ಹೋಗುವುದೆಂದು ಗಂಡ ಹೆಂಡತಿ ನಿಶ್ಚಯ ಮಾಡಿಬಿಟ್ಟಿದ್ದರು. ಓದಿದ್ದು ಸಾಕು, ಮಗಳು ಇದ್ದರೆ ಸಾಕು ಎಂದಳು. ಕೋಣೆ ಬದಲಿಸಿದ ಮಹಾತಾಯಿ ನಾನೇ ಎಂದು ಹೇಳಲು ನನಗೆ ನಾಲಗೆ ಏಳಲಿಲ್ಲ.

ನನಗೆ ಸಿಟ್ಟು ಬಂದರೆ ಯಾರಾದರೂ ಬಲಿಯಾಗಬೇಕು. ಶಾರವ್ವನ ಕೈ ಹಿಡಿದು ಗೇಟಿಗೆ ಎಳೆತಂದು ವಾಚ್‌ಮನ್ ಧರೆಪ್ಪನಿಗೆ ಹಿಗ್ಗಾಮುಗ್ಗಾ ಬೈದೆ, ತಾಯಿಯನ್ನು ಒಳಗೆ ಬಿಡದೆ ಹೊಲದಲ್ಲಿ ಕೂರಿಸಿದ್ದೀಯಲ್ಲ, ಮನುಷ್ಯನೋ ಅಲ್ಲವೋ ಎಂದು. ಆತ ಪಾಪ ಟೋಪಿ ತೆಗೆದ.

"ಈಕಿನ್ನ ಗೇಟಿನಾಗ ನಾ ಒಮ್ಮೆನೂ ನೋಡಿಲ್ರಿ ಬಾಯಾರ."

ಶಾರವ್ವ ಹೌದೆಂದು ತಲೆ ಆಡಿಸಿದಳು. ನಾನು ಒಳಗೆ ಹೋಗಿ ರಾಧಿಕಾಳನ್ನು ಆಫೀಸಿಗೆ ಕರೆದು ಕೇಳಿದೆ. ಉಗುರು ಕಚ್ಚುತ್ತ, "ನಾನ ಬರಬ್ಯಾಡ ಅಂದಿದ್ದೆ" ಎಂದಳು. ಹಿಂದಿನ ಶಾಲೆಯಲ್ಲಿ ಒಂದು ದಿನ ತಾಯಿ ಬುತ್ತಿ ಕೊಟ್ಟು ಹೋಗಿದ್ದಳಂತೆ. ಅದೇ ಮಧ್ಯಾಹ್ನ ಯಾರದೋ ಕಂಪಾಸ್ ಪೆಟ್ಟಿಗೆ ಕಾಣಲಿಲ್ಲ. ಹರಣಶಿಕಾರಿಯವರೆಂದರೆ ಕಳ್ಳರೆಂಬ ಮಾತು ಇನ್ನೂ ಹೋಗಿಲ್ಲವಲ್ಲ, ಎಲ್ಲರಿಗಿಂತ ಮೊದಲು ಇವಳ ಚೀಲ ಕೊಡವಿದರು, ರೊಟ್ಟಿ ನೆಲಕ್ಕೆ ಬಿತ್ತು. ಪೆಟ್ಟಿಗೆ ಇನ್ನೊಬ್ಬಳ ಬೆಂಚಿನ ಕೆಳಗೇ ಇತ್ತು. ಇಲ್ಲಿಗೆ ಬರುವಾಗ ಇವಳು ತಾಯಿಗೆ ಗೇಟಿಗೆ ಬರಬೇಡ ಎಂದಳು. ಆಯಿತು, ಬರುವುದಿಲ್ಲ, ಕೂಗುತ್ತೇನೆ, ನೀನು ಓಗೊಡು, ಉಂಡಿದ್ದೀಯ ಅಂದುಕೊಂಡು ಹೋಗುತ್ತೇನೆ ಎಂದು ತಾಯಿ ಹೇಳಿದ್ದಳು. ಅವರ ಹಿರಿಯರು ಹಕ್ಕಿ ಹಿಡಿಯಲು ಕಲಿತ ಕೂಗು ಅದು. ಈಗ ಬೇಟೆ ಇಲ್ಲ, ಕೂಗು ಮಾತ್ರ ಉಳಿದಿದೆ.

ತಾಯಿ ಗೇಟಿನಲ್ಲಿದ್ದಾಳೆ, ನಿನ್ನನ್ನು ಕರೆದೊಯ್ಯಲು ಬಂದಿದ್ದಾಳೆ ಎಂದೆ. ತಪ್ಪು ನನ್ನದು, ಕೋಣೆ ಮತ್ತೆ ಮುಂದಿನದೇ ಕೊಡುತ್ತೇನೆ, ಇರುವುದು ಬಿಡುವುದು ನಿನ್ನ ಮನಸ್ಸು ಎಂದೆ. ನಾನು ಮಾಡಿದ್ದು ಇಷ್ಟೇ: ಸಾಹೇಬರು ಬಂದಾಗ ಮಾತ್ರ ತೆಗೆಯುವ ದೊಡ್ಡ ಗೇಟನ್ನು ಧರೆಪ್ಪನಿಂದ ಪೂರ್ತಿ ತೆಗೆಸಿದೆ. ಸದ್ದಿಗೆ ಹುಡುಗಿಯರೆಲ್ಲ ಓದು ಬಿಟ್ಟು ಪಡಸಾಲೆಗೆ ಬಂದು ನಿಂತರು. ಶಾರವ್ವ ಗೇಟು ದಾಟಲಿಲ್ಲ, ಅಲ್ಲೇ ಬುಟ್ಟಿ ಹಿಡಿದು ನಿಂತಳು. ರಾಧಿಕಾ ಮೆಟ್ಟಿಲ ಮೇಲೆ ನಿಂತಳು. ಹಿಂತಿರುಗಿ ಒಳಗೆ ಹೋದರೆ ಏನು ಮಾಡಲಿ ಎಂದು ನಾನು ಯೋಚಿಸುತ್ತಿದ್ದೆ. ಅವಳು ಒಮ್ಮೆ ನಮ್ಮೆಲ್ಲರನ್ನೂ ನೋಡಿ, ಕುತ್ತಿಗೆ ಎತ್ತಿ ಕೌಜಗದ ಹಾಗೆ ಕೂಗಿದಳು. ಗೇಟಿನಿಂದ ಅದೇ ಕೂಗು ಬಂತು. ದೂರು ತಂದಿದ್ದ ಕಾವ್ಯ ಬಾಯಿ ತೆರೆದುಕೊಂಡು, ಇಷ್ಟು ದಿನ ಕೂಗುತ್ತಿದ್ದದ್ದು ಹಕ್ಕಿ ಅಲ್ಲವೇನೇ ಎಂದು ಕೇಳಿದಳು.

"ಅಲ್ಲ," ಎಂದಳು ರಾಧಿಕಾ, "ನಮ್ಮವ್ವ."

ಆ ದಿನ ಶಾರವ್ವ ನಮ್ಮ ಜೊತೆ ಕೂತು ಉಂಡು, ಮಗಳನ್ನು ಬಿಟ್ಟು ಒಬ್ಬಳೇ ಬೀಳಗಿಯ ಬಸ್ಸು ಹತ್ತಿದಳು. ಎಲ್ಲವೂ ನೆಟ್ಟಗಾಯಿತು ಎಂದು ತಿಳಿಯಬೇಡ. ಇಬ್ಬರು ಹುಡುಗಿಯರು ಮರುದಿನವೇ ತಮ್ಮ ಟ್ರಂಕನ್ನು ರಾಧಿಕಾಳ ಮಂಚದಿಂದ ದೂರ ಸರಿಸಿಕೊಂಡರು, ನಾನು ಅವರ ಬೆನ್ನು ಹತ್ತಿದ್ದೇನೆ. ಆದರೆ ಹುಡುಗಿ ರೊಟ್ಟಿ ಪೂರ್ತಿ ತಿನ್ನುತ್ತಾಳೆ, ನನ್ನ ಲೆಕ್ಕದ ತಪ್ಪು ಮತ್ತೆ ಎತ್ತಿ ತೋರಿಸುತ್ತಾಳೆ.

ಇದನ್ನೆಲ್ಲ ಮನೆಗೆ ಬಂದು ಅವ್ವನಿಗೆ ಹೇಳಿದೆ. ಶೇಂಗಾ ಸುಲಿಯುತ್ತ ಕೇಳಿದಳು. ಹುಡುಗಿ ಏನೆಂದಳು ಎಂದು ಕೇಳಿದಳು, 'ನಮ್ಮವ್ವ' ಅಂದಳು ಎಂದೆ. ಹೌದಾ ಎಂದು ಇನ್ನೊಂದಿಷ್ಟು ಸುಲಿದಳು. ಆಮೇಲೆ ತಲೆ ಎತ್ತದೆ, "ಎಲ್ಲಾರ ಮುಂದ?" ಎಂದಳು. ಎಲ್ಲರ ಮುಂದೆ ಎಂದೆ.

ಮೊಮ್ಮಕ್ಕಳ ನೆತ್ತಿಯ ಮೇಲೆ ನನ್ನ ಕೈ ಇಟ್ಟೆನೆಂದು ಹೇಳು, ನೂರು ವರ್ಷ ಬಾಳಲಿ. ನಿನ್ನ ಮೊಣಕಾಲಿಗೆ ಆ ಸುಡುಗಾಡು ಎಣ್ಣೆ ಬಿಟ್ಟು ಡಾಕ್ಟರಿಗೆ ತೋರಿಸು. ತಂಪಾಗಿರು.

ನಿನ್ನ
ಶೈಲಿ

ತಾ.ಕ.: ಅನೂ, ಜಮಖಂಡಿಯ ಹಾಸ್ಟೆಲಿನಲ್ಲಿ ನಾವು ಒಂದೇ ಕೋಣೆಯಲ್ಲಿದ್ದಾಗ ತಿಂಗಳಿಗೊಮ್ಮೆ ಗೇಟಿಗೆ ಒಬ್ಬ ಹೆಂಗಸು ಬರುತ್ತಿದ್ದಳು, ತಲೆಯ ಮೇಲೆ ಬುಟ್ಟಿ, ಬರಿಗಾಲು. ಮೊದಲ ಸಲ ಯಾರೆಂದು ನೀನು ಕೇಳಿದಾಗ, ನಮ್ಮ ಹೊಲದ ಆಳು ಎಂದೆ. ನಮಗೆ ಹೊಲವೇ ಇರಲಿಲ್ಲ. ಅವಳು ನಮ್ಮವ್ವ. ನಾನು ಅಂದದ್ದು ಅವಳಿಗೆ ಕೇಳಿಸಿತ್ತು, ಅವಳ ಕಿವಿ ಎಂಥದೆಂದು ಮೇಲೆ ಬರೆದಿದ್ದೇನೆ. ಮುಂದಿನ ತಿಂಗಳು ನಾನು ಬಾಯಿ ತೆರೆಯುವ ಮೊದಲೇ ನಿನ್ನ ಎದುರಿಗೆ ಅವಳೇ, "ನಿಮ್ಮವ್ವ ರೊಟ್ಟಿ ಕಳಸ್ಯಾಳ, ತಗೋ ತಂಗಿ" ಎಂದಳು. ಎರಡು ವರ್ಷ ಹಾಗೇ ಅಂದಳು. ಎಳ್ಳು ಹಚ್ಚಿದ ಆ ಸಜ್ಜೆ ರೊಟ್ಟಿ ತಿಂದು ನೀನು, ಮಾಡಿದವರ ಕೈಗೆ ಬಂಗಾರದ ಬಳೆ ಹಾಕಬೇಕು ಎಂದು ನಿಮ್ಮವ್ವನಿಗೆ ಹೇಳು ಅಂದಿದ್ದೆ. ನಾನು ಹೇಳಲೇ ಇಲ್ಲ. ಈಗ ಉತ್ತರ ಬರೆಯುವಾಗ ಆ ಮಾತನ್ನು ಬೇರೆ ಹಾಳೆಯ ಮೇಲೆ ಅವಳ ಹೆಸರಿಗೇ ಬರೆದು ಕಳಿಸು. ಅವಳಿಗೆ ಓದಲು ಬಾರದು, ನಾನು ಓದಿ ಹೇಳುತ್ತೇನೆ. ಮೂವತ್ತೆಂಟು ವರ್ಷ ತಡವಾಗಿದೆ, ಬೇಗ ಬರೆ.